ಕೈಪಿಡಿಯ ಕನ್ನಡ

ನನ್ನ ಪುಸ್ತಕದ ಕಪಾಟಿನ ಕೆಳಗಿನ ಖಾನೆಯಲ್ಲಿ ನೀಲಿ ರಟ್ಟಿನ ತೆಳ್ಳನೆಯ ಪುಸ್ತಕವೊಂದಿದೆ. 64 ಪುಟ. ನಮ್ಮ ಕಡೆಯ ಶಾಲೆಗಳಿಗೆ ಕಂಪ್ಯೂಟರ್ ಬರತೊಡಗಿದ ಕಾಲದಲ್ಲಿ, 2003ರಲ್ಲಿ, ಶಿಕ್ಷಕರ ತರಬೇತಿಗೆಂದು ಅಚ್ಚಾದ ಕೈಪಿಡಿ ಅದು. ಬರೆದವರ ಹೆಸರು ಅದರಲ್ಲಿಲ್ಲ. ಇಂಗ್ಲಿಷ್ ಮೂಲವನ್ನು ಕನ್ನಡಕ್ಕೆ ತಂದ ಮೂವರಲ್ಲಿ ನಾನೂ ಒಬ್ಬ. ಈ ಸಂಗತಿಯನ್ನು ನಾನಾಗಿ ಯಾರಿಗೂ ಹೇಳಿಕೊಂಡವನಲ್ಲ. ಮೊನ್ನೆ ಪರಿಚಯದ ತರುಣ ಶಿಕ್ಷಕರೊಬ್ಬರು ತಮ್ಮ ಶಾಲೆಗೆ ಬಂದ ಸ್ಮಾರ್ಟ್ ಬೋರ್ಡಿನ ಕೈಪಿಡಿ ತಂದು, "ಇದನ್ನ ಒಂಚೂರು ನೋಡಿ ಹೇಳ್ರಿ ಸರ" ಎಂದು ಕೊಟ್ಟು ಹೋದರು. ಓದುತ್ತ ಹೋದಂತೆ ನನ್ನ ನೀಲಿ ಪುಸ್ತಕವನ್ನೇ ಮತ್ತೆ ಓದುತ್ತಿದ್ದೇನೆ ಎನ್ನಿಸಿತು. ಯಂತ್ರ ಬದಲಾಗಿತ್ತು, ವಾಕ್ಯ ಬದಲಾಗಿರಲಿಲ್ಲ.

ಕಥೆ, ಕವಿತೆ, ಕಾದಂಬರಿಗಳಿಗೆ ನಮ್ಮಲ್ಲಿ ವಿಮರ್ಶಕರಿದ್ದಾರೆ. ಕೈಪಿಡಿಗೆ ಇಲ್ಲ. ಕಾದಂಬರಿ ಕೆಟ್ಟರೆ ಓದುಗನ ಎರಡು ದಿನ ಹಾಳಾಗಬಹುದು. ಕೈಪಿಡಿ ಕೆಟ್ಟರೆ ಏನಾಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಬೇರೆಯವರ ಬರಹಕ್ಕೆ ಹಿಡಿದ ಕನ್ನಡಿಯನ್ನು ಒಮ್ಮೆ ನನ್ನ ಬರಹಕ್ಕೂ ಹಿಡಿಯುವುದು ನ್ಯಾಯ.

ಆ ತರಬೇತಿ ನಡೆದದ್ದು ಹಾವೇರಿ ಜಿಲ್ಲೆಯ ಒಂದು ತಾಲೂಕು ಊರಿನಲ್ಲಿ. ನಾನು ಅಲ್ಲಿಯೇ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಅನುವಾದ ಮಾಡಿದವನೆಂದು ತರಬೇತಿಗೂ ಕರೆದಿದ್ದರು. ಒಂದೊಂದು ಕಂಪ್ಯೂಟರಿನ ಮುಂದೆ ಆರಾರು ಜನ. ಹಿಂದಿನ ಸಾಲಿನಲ್ಲಿ ಇಪ್ಪತ್ತೇಳು ವರ್ಷ ಸರ್ವಿಸಾದ ಅಕ್ಕೋರೊಬ್ಬರು ಕೂತಿದ್ದರು. ಮಗ್ಗಿಯಿರಲಿ, ಸಂಧಿ ಸಮಾಸವಿರಲಿ, ಎಂಥ ದಡ್ಡ ಹುಡುಗನಿಗೂ ತಿಳಿಯುವ ಹಾಗೆ ಹೇಳುತ್ತಾರೆಂದು ಸುತ್ತಲಿನ ಹಳ್ಳಿಗಳಲ್ಲಿ ಹೆಸರಾದವರು. ಅವರು ಎದ್ದು ನಿಂತು 17ನೆಯ ಪುಟದ ವಾಕ್ಯವೊಂದನ್ನು ಗಟ್ಟಿಯಾಗಿ ಓದಿದರು: "ದತ್ತಾಂಶವನ್ನು ಶಾಶ್ವತ ಸಂಗ್ರಹಣಾ ಮಾಧ್ಯಮಕ್ಕೆ ವರ್ಗಾಯಿಸುವ ಪ್ರಕ್ರಿಯೆಯನ್ನು ಉಳಿಕೆಗೊಳಿಸುವಿಕೆ ಎಂದು ಕರೆಯಲಾಗುತ್ತದೆ." ಓದಿ ತಲೆಯೆತ್ತಿ ಹೇಳಿದರು: "ಸರ, ಇದು ಕನ್ನಡ ಅನ್ನೋದು ಗೊತ್ತಾಗ್ತೈತ್ರಿ. ಆದರ ನಾ ಏನ್ ಮಾಡಬೇಕು ಅನ್ನೋದು ಗೊತ್ತಾಗವಲ್ದ್ರಿ."

ತರಬೇತಿ ಕೊಡಲು ಬಂದಿದ್ದ ಹುಡುಗ, "ಪುಸ್ತಕದಾಗ ಎಲ್ಲಾ ಐತ್ರಿ ಮೇಡಂ, ಇನ್ನೊಮ್ಮೆ ಓದ್ರಿ" ಎಂದ. ಯಾರೋ ನಕ್ಕರು. ಅಕ್ಕೋರು ಕೂತುಬಿಟ್ಟರು. ಪ್ರಶ್ನೆ ಕೇಳಿದ ಮಕ್ಕಳಿಗೆ ಜೀವನವಿಡೀ ಶಾಬಾಸ್ ಎಂದವರು ಮುಂದಿನ ಎರಡು ದಿನ ಬಾಯಿ ತೆರೆಯಲಿಲ್ಲ. ಆ ವಾಕ್ಯ ನನ್ನದೆಂದು ನಾನೂ ಬಾಯಿ ಬಿಡಲಿಲ್ಲ.

ಈಗ ಆ ಪುಸ್ತಕವನ್ನು ತೆರೆದಿಟ್ಟುಕೊಂಡು ನೋಡಿದರೆ ಮೊದಲು ಕಣ್ಣಿಗೆ ಬೀಳುವ ದೋಷ ಪದಗಳದ್ದಲ್ಲ, ಕ್ರಮದ್ದು. ಮೊದಲ ಅಧ್ಯಾಯ ಗಣಕಯಂತ್ರದ ಇತಿಹಾಸ. ಎರಡನೆಯದು ಅದರ ಅಂಗಾಂಗಗಳು. ಮೂರನೆಯದು ಸ್ಮೃತಿಯ ವಿಧಗಳು. ಶಿಕ್ಷಕ ಯಂತ್ರಕ್ಕೆ ಕೈ ಹಚ್ಚುವುದು 31ನೆಯ ಪುಟದಲ್ಲಿ. ತರಗತಿ ಎಂಬ ಮಾತು ಮೊದಲ ಬಾರಿ ಬರುವುದು 52ನೆಯ ಪುಟದಲ್ಲಿ. ಸೈಕಲ್ ಕಲಿಯಲು ಬಂದವನಿಗೆ ನಾವು ರಬ್ಬರಿನ ಚರಿತ್ರೆ ಹೇಳಿದ್ದೆವು. ಇದು ಯಂತ್ರ ಬಲ್ಲವರು ಹಾಕಿದ ಕ್ರಮ, ಪಾಠ ಬಲ್ಲವರದಲ್ಲ. ಅಂದು ಅಲ್ಲಿ ಕೂತಿದ್ದವರ ಮನಸ್ಸಿನಲ್ಲಿ ಇದ್ದ ಪ್ರಶ್ನೆಗಳೇ ಬೇರೆ. ಐವತ್ತೆರಡು ಮಕ್ಕಳನ್ನು ಎರಡು ಯಂತ್ರದ ಮುಂದೆ ಹೇಗೆ ಕೂಡಿಸಲಿ? ನಲವತ್ತು ನಿಮಿಷದಲ್ಲಿ ಯಾರಿಗೆಷ್ಟು ಹೊತ್ತು? ಕೆಟ್ಟರೆ ದುಡ್ಡು ಯಾರು ಕೊಡಬೇಕು? ನಡುವೆ ಕರೆಂಟ್ ಹೋದರೆ ಏನು ಮಾಡಲಿ? ಕೈಪಿಡಿಯಲ್ಲಿ ಕರೆಂಟ್ ಹೋಗುವ ಮಾತೇ ಇರಲಿಲ್ಲ. ಮೂಲ ಬರೆದವರ ಊರಿನಲ್ಲಿ ಹೋಗುತ್ತಿರಲಿಲ್ಲವೇನೋ. ಆದರೆ ನಮ್ಮ ಊರಿನಲ್ಲಿ ದಿನಕ್ಕೆರಡು ಸಲ ಹೋಗುತ್ತದೆಂಬುದು ಅನುವಾದಕರಾದ ನಮಗೆ ಗೊತ್ತಿತ್ತು. ಗೊತ್ತಿದ್ದೂ ಸೇರಿಸಲಿಲ್ಲ. ಮೂಲದಲ್ಲಿ ಇಲ್ಲದ್ದನ್ನು ಸೇರಿಸುವುದು ಅನುವಾದಕನ ಕೆಲಸವಲ್ಲವೆಂದು ನಂಬಿದ್ದೆವು.

ಎರಡನೆಯ ದೋಷ ವಾಕ್ಯದ ಬೆನ್ನೆಲುಬಿನದು. ಪುಟ ಪುಟದಲ್ಲೂ 'ತಕ್ಕದ್ದು', 'ತಕ್ಕದ್ದಲ್ಲ', 'ಲಾಗುತ್ತದೆ', 'ಲ್ಪಡುತ್ತದೆ'. ಅಮ್ಮನಿಂದ ಅನ್ನ ಬಡಿಸಲ್ಪಟ್ಟಿತು ಎಂದು ನಮ್ಮ ಯಾರ ಮನೆಯಲ್ಲೂ ಹೇಳುವುದಿಲ್ಲ. ಕನ್ನಡದ ಮಾತಿನಲ್ಲಿ ಮಾಡುವವರು ಎದುರಿಗೆ ಇರುತ್ತಾರೆ. ಕಚೇರಿಯ ಕನ್ನಡದಲ್ಲಿ ಮಾಡುವವರು ಕಾಣೆಯಾಗಿ ಆಜ್ಞೆ ಮಾತ್ರ ಉಳಿಯುತ್ತದೆ. ವರ್ಷವಿಡೀ ಸುತ್ತೋಲೆ ಓದಿ ಹೆದರಿದ ಶಿಕ್ಷಕರ ಕೈಗೆ ನಾವು ಇನ್ನೊಂದು ಸುತ್ತೋಲೆಯನ್ನು ರಟ್ಟು ಹಾಕಿ ಕೊಟ್ಟಿದ್ದೆವು. ಅದರ ಫಲವನ್ನು ಮಾರನೆಯ ವರ್ಷ ಕಂಡೆ.

2004ರ ಚಳಿಗಾಲದಲ್ಲಿ ಬೇರೊಂದು ಕೆಲಸಕ್ಕೆ ಆ ಅಕ್ಕೋರ ಶಾಲೆಗೆ ಹೋಗಿದ್ದೆ. ಕಂಪ್ಯೂಟರ್ ಕೋಣೆಗೆ ಬೀಗ. ಕೀಲಿಕೈ ಹೆಡ್ ಮಾಸ್ತರರ ಡ್ರಾದಲ್ಲಿ. ತೆಗೆಸಿ ನೋಡಿದರೆ ಎರಡೂ ಯಂತ್ರಗಳ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿ, ಊದಿನಕಡ್ಡಿ ಹಚ್ಚಿದ ಗುರುತೂ ಇತ್ತು. ಮಕ್ಕಳು ಯಾವಾಗ ಬರುತ್ತಾರೆಂದು ಕೇಳಿದೆ. ಹೆಡ್ ಮಾಸ್ತರರು ಮಾತಾಡದೆ ಕೈಪಿಡಿಯ 9ನೆಯ ಪುಟ ತೆರೆದು ತೋರಿಸಿದರು. ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದ ವಾಕ್ಯ ಇದು: "ಅನಧಿಕೃತ ವ್ಯಕ್ತಿಗಳು ಯಂತ್ರವನ್ನು ನಿರ್ವಹಿಸತಕ್ಕದ್ದಲ್ಲ."

"ಹುಡುಗರು ಅಧಿಕೃತ ಹೌದೋ ಅಲ್ಲೋ ಅಂತ ಎಲ್ಲೂ ಬರದಿಲ್ರಿ. ನಾಳೆ ಏನರ ಆದ್ರ ನನ್ನ ಪಗಾರದಾಗ ಹಿಡೀತಾರ" ಎಂದರು.

ಮೂಲದಲ್ಲಿ ಆ ಎಚ್ಚರಿಕೆ ಇದ್ದದ್ದು ಯಂತ್ರದ ಪೆಟ್ಟಿಗೆ ಬಿಚ್ಚಿ ಒಳಗೆ ಕೈ ಹಾಕುವವರ ಬಗ್ಗೆ. ಒಳಗೆ ವಿದ್ಯುತ್ತಿನ ಅಪಾಯವಿದೆ, ರಿಪೇರಿ ಬಲ್ಲವರೇ ಬಿಚ್ಚಲಿ ಎಂಬುದಷ್ಟೇ ಅದರ ಅರ್ಥ. ಬಿಚ್ಚುವುದಕ್ಕೂ ಬಳಸುವುದಕ್ಕೂ 'ನಿರ್ವಹಿಸು' ಎಂಬ ಒಂದೇ ಗಂಭೀರ ಪದ ಹಾಕಿದವನು ನಾನು. "ಪೆಟ್ಟಿಗೆಯನ್ನು ನೀವು ಬಿಚ್ಚಬೇಡಿ, ಒಳಗೆ ಶಾಕ್ ಹೊಡೆಯುತ್ತದೆ" ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಹಾಗೆ ಬರೆದರೆ ಪುಸ್ತಕಕ್ಕೆ ಘನತೆ ಬರುವುದಿಲ್ಲ ಎನ್ನಿಸಿರಬೇಕು. ನನ್ನ ಆ ಘನತೆಯಿಂದ ಒಂದು ವರ್ಷದ ಮೇಲೆ ಆ ಕೋಣೆಗೆ ಬೀಗ ಬಿದ್ದಿತ್ತು. ಆ ವರ್ಷ ಏಳನೆಯ ಇಯತ್ತೆ ಮುಗಿಸಿದ ಮಕ್ಕಳು ಯಂತ್ರವನ್ನು ಕಿಟಕಿಯಿಂದಷ್ಟೇ ನೋಡಿ ಹೋದರು. ಅವರಲ್ಲಿ ಎಷ್ಟು ಮಂದಿ ಮುಂದೆ ಓದಿದರೋ, ಎಷ್ಟು ಮಂದಿ ಹೊಲಕ್ಕೆ ಹೋದರೋ ತಿಳಿಯದು. ಹೆಡ್ ಮಾಸ್ತರರನ್ನು ನಾನು ದೂರುವುದಿಲ್ಲ. ಬರೆದದ್ದನ್ನು ಬರೆದ ಹಾಗೆ ಓದಿದ ಪ್ರಾಮಾಣಿಕ ಓದುಗ ಅವರು.

ಇಲ್ಲಿ ಪದಗಳ ವಿಚಾರಕ್ಕೆ ಬರಬೇಕು. ತಂತ್ರಜ್ಞಾನದ ಕನ್ನಡ ಎಂದೊಡನೆ ನಾವು ಎರಡು ಪಕ್ಷವಾಗುತ್ತೇವೆ. ಎಲ್ಲಕ್ಕೂ ಕನ್ನಡ ಪದ ಬೇಕೆನ್ನುವವರು ಒಂದು ಕಡೆ, ಇಂಗ್ಲಿಷನ್ನೇ ಕನ್ನಡ ಲಿಪಿಯಲ್ಲಿ ಬರೆದರಾಯಿತೆನ್ನುವವರು ಇನ್ನೊಂದು ಕಡೆ. ಅನುಭವ ಎರಡೂ ಪಕ್ಷಕ್ಕೆ ಪೂರ್ತಿ ಗೆಲುವು ಕೊಟ್ಟಿಲ್ಲ. ಮೌಸ್ ಮೌಸಾಗಿಯೇ ಉಳಿಯಿತು. 'ತಂತ್ರಾಂಶ' ಚಲಾವಣೆಗೆ ಬಂತು. 'ಕಡತ' ಒಳ್ಳೆಯ ಪದವೇ, ಆದರೆ ಶಿಕ್ಷಕರಿಗೆ ಕಡತವೆಂದರೆ ಮೇಲಿನ ಕಚೇರಿಯಲ್ಲಿ ಅವರ ಬಡ್ತಿಯನ್ನು ತಡೆದು ಕೂತಿರುವ ಕಾಗದದ ಕಟ್ಟು. ತಾವೇ ಹೊಸದೊಂದು ಕಡತ ಮಾಡಬಹುದೆಂದಾಗ ಒಬ್ಬರು ನಿಜಕ್ಕೂ ಗಾಬರಿಯಾದರು. 'ಉಳಿಸು' ಎಂಬುದಕ್ಕಿಂತ ಚೆಂದದ ಪದ ಸಿಗಲಾರದು. ದುಡ್ಡು ಉಳಿಸುವ, ಅನ್ನ ಉಳಿಸುವ ಮಾತು ಅದು. ನಾನು ಅದರ ಬಾಲಕ್ಕೆ ಒಂದು 'ಗೊಳಿಸುವಿಕೆ' ಕಟ್ಟಿ ಕೊಂದಿದ್ದೆ.

'ಅಳಿಸು' ಎಂಬ ಪದ ಇನ್ನೂ ಸೂಕ್ಷ್ಮವಾದ ಪಾಠ ಕಲಿಸಿತು. ಇದಕ್ಕಿಂತ ಸುಲಭವಾದ ಪದ ಶಿಕ್ಷಕರಿಗೆ ಇನ್ನಿಲ್ಲ, ದಿನವೂ ಹಲಗೆ ಅಳಿಸುವವರು ಅವರು. ಆದರೆ ಹಲಗೆಯ ಮೇಲೆ ಅಳಿಸಿದ್ದು ಮತ್ತೆ ಬರುವುದಿಲ್ಲ. ಕಂಪ್ಯೂಟರಿನಲ್ಲಿ ಅಳಿಸಿದ ಕಡತ ಸಾಮಾನ್ಯವಾಗಿ ಮೊದಲು ಕಸದ ಬುಟ್ಟಿಗೆ ಹೋಗಿ ಕೂರುತ್ತದೆ, ಬೇಕೆಂದರೆ ತೆಗೆದುಕೊಳ್ಳಬಹುದು. ಈ ಒಂದು ವಾಕ್ಯ ನಮ್ಮ ಕೈಪಿಡಿಯಲ್ಲಿರಲಿಲ್ಲ. ಇದ್ದಿದ್ದರೆ ಅರ್ಧದಷ್ಟು ಭಯ ಅಂದೇ ಹೋಗುತ್ತಿತ್ತು. ಸರಳ ಪದ ಹಾಕಿದರೆ ಸರಳ ಭಾಷೆ ಆಗಿಬಿಡುವುದಿಲ್ಲ. ಆ ಪದ ಓದುವವನ ಮನಸ್ಸಿನಲ್ಲಿ ಯಾವ ಚಿತ್ರ ಮೂಡಿಸುತ್ತದೆ, ಆ ಚಿತ್ರ ಯಂತ್ರದ ನಡತೆಗೆ ಹೊಂದುತ್ತದೆಯೇ ಎಂದೂ ನೋಡಬೇಕಾಗುತ್ತದೆ.

ತರಬೇತಿಯ ನಾಲ್ಕನೆಯ ದಿನದ ಒಂದು ಪ್ರಸಂಗ ಹೇಳಬೇಕು. ಅಂದು ಕನ್ನಡ ಬೆರಳಚ್ಚು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮವನ್ನೇ ಆಧರಿಸಿದ ನುಡಿ ತಂತ್ರಾಂಶ ನಮ್ಮಲ್ಲಿತ್ತು. ಆ ಕ್ರಮದ ಜಾಣತನ ಇರುವುದು ಕನ್ನಡದ ವರ್ಣಮಾಲೆಯ ಸ್ವಭಾವವನ್ನು ಹಿಡಿದದ್ದರಲ್ಲಿ. ಕೆ ಒತ್ತಿದರೆ ಕ, ಅದರ ಮುಂದೆ ಐ ಒತ್ತಿದರೆ ಕಿ. ಒತ್ತಕ್ಷರ ಬೇಕಾದರೆ ನಡುವೆ ಎಫ್ ಒತ್ತಬೇಕು: ಕೆ, ಎಫ್, ಕೆ ಎಂದರೆ ಕ್ಕ. ಇಷ್ಟನ್ನು ನಮ್ಮ ಕೈಪಿಡಿ ಹೇಳಿದ್ದು ಹೀಗೆ: "ಸಂಯುಕ್ತಾಕ್ಷರಗಳ ಸೃಷ್ಟಿಗಾಗಿ ಸಂಯೋಜಕ ಕೀಲಿಯ ಬಳಕೆಯನ್ನು ಮಾಡತಕ್ಕದ್ದು." ನಾನು ಅಕ್ಕೋರ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಪುಸ್ತಕ ಮುಚ್ಚಿಟ್ಟು, 'ಅಕ್ಕ' ಎಂದು ಬರೆದು ತೋರಿಸಿದೆ. ಎರಡು ಸಲ ನೋಡಿ ಅವರೇ ಬರೆದರು. ಬಳಿಕ 'ಅಣ್ಣ', 'ಅಮ್ಮ', 'ಕಲ್ಲು', 'ಹಬ್ಬ'. ಆಮೇಲೆ ಪಕ್ಕದವರ ಕಡೆ ತಿರುಗಿ, "ಎಫ್ ಅಂದ್ರ ಗಂಟು ನೋಡ್ರಿ. ಎರಡು ಅಕ್ಷರ ಕೂಡಿಸಿ ಗಂಟು ಹಾಕೂದು" ಎಂದರು. ಎರಡು ದಿನದ ಮೌನ ಮುರಿದದ್ದು ಆಗ. ಸಂಜೆಯ ಹೊತ್ತಿಗೆ ಇಡೀ ಕೋಣೆಯಲ್ಲಿ ಅದಕ್ಕೆ ಗಂಟಿನ ಕೀಲಿ ಎಂದೇ ಹೆಸರಾಯಿತು. ಒತ್ತಕ್ಷರವನ್ನು ಇಪ್ಪತ್ತೇಳು ವರ್ಷ ಮಕ್ಕಳಿಗೆ ಕಲಿಸಿದವರಿಗೆ ಸಂಯುಕ್ತಾಕ್ಷರವೆಂದರೇನೆಂದು ಹೇಳಿಕೊಡುವ ಅಗತ್ಯವಿರಲಿಲ್ಲ. ಯಾವ ಬೆರಳು ಎಲ್ಲಿ ಎಂದು ಹೇಳಿದ್ದರೆ ಸಾಕಿತ್ತು. ಅವರಿಗೆ ಗೊತ್ತಿದ್ದದ್ದನ್ನು ಕಷ್ಟ ಮಾಡಿ, ಗೊತ್ತಿಲ್ಲದ್ದನ್ನು ನಾವು ಬಿಟ್ಟಿದ್ದೆವು.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಉಂಟು. ನಮ್ಮ ಕೈಪಿಡಿ ಕಠಿಣವೆಂಬ ದೂರು ಬಂದ ಮೇಲೆ ಇನ್ನೊಂದು ಬಂತು, ಬಣ್ಣಬಣ್ಣದ್ದು. ಅದರಲ್ಲಿ ಕಂಪ್ಯೂಟರ್ ಮಾಮ ಬಂದು ಶಿಕ್ಷಕರೊಡನೆ ಮಾತಾಡುತ್ತಾನೆ. "ನಾನು ಪುಟ್ಟ ಇಲಿ, ನನಗೊಂದು ಬಾಲವಿದೆ, ನನ್ನ ಬೆನ್ನು ತಟ್ಟಿ" ಎನ್ನುತ್ತದೆ ಮೌಸು. ಐವತ್ತು ದಾಟಿದ ಹೆಂಗಸರು, ಮನೆ, ಹೊಲ, ಸ್ವಸಹಾಯ ಸಂಘದ ಲೆಕ್ಕ ನೋಡುವವರು, ಇದನ್ನು ಓದಬೇಕಾಗಿತ್ತು. ಯಂತ್ರ ಬಾರದವರನ್ನು ಮಕ್ಕಳೆಂದು ತಿಳಿಯುವುದೂ ಅವಮಾನವೇ. ಮೊದಲ ಕೈಪಿಡಿ ಶಿಕ್ಷಕರನ್ನು ಗುಮಾಸ್ತರೆಂದುಕೊಂಡಿತು, ಎರಡನೆಯದು ಶಿಶುಗಳೆಂದುಕೊಂಡಿತು. ಪಾಠ ಹೇಳುವ ವಿದ್ಯೆ ಬಲ್ಲ ದೊಡ್ಡವರು ಎಂದುಕೊಂಡು ಬರೆದದ್ದು ಎರಡರಲ್ಲಿ ಒಂದೂ ಅಲ್ಲ.

ಹೊಸ ಸಾಧನವನ್ನು ಶಿಕ್ಷಕರಿಗೆ ಪರಿಚಯಿಸುವ ಕಷ್ಟ ಇಂದಿನದಲ್ಲ. ಕಪ್ಪು ಹಲಗೆಯೂ ಒಂದು ಕಾಲಕ್ಕೆ ಹೊಸ ತಂತ್ರಜ್ಞಾನವೇ. ಅಮೆರಿಕದ ಬೋಸ್ಟನ್ನಿನಲ್ಲಿ 1841ರಲ್ಲಿ ಜೊಸಾಯ ಬಮ್‌ಸ್ಟೆಡ್ ಎಂಬವರು ಪ್ರಾಥಮಿಕ ಶಾಲೆಯಲ್ಲಿ ಕಪ್ಪು ಹಲಗೆಯ ಬಳಕೆಯನ್ನು ಕುರಿತು ಶಿಕ್ಷಕರಿಗಾಗಿಯೇ ಒಂದು ಪುಸ್ತಕ ಪ್ರಕಟಿಸಿದರು. ಇಂದು ಕಪ್ಪು ಹಲಗೆಗೆ ಕೈಪಿಡಿ ಎಂದರೆ ನಗು ಬರುತ್ತದೆ. ಸಾಧನವೊಂದು ನಿಜವಾಗಿ ತರಗತಿಗೆ ಸೇರಿದ ಗುರುತು ಅದು, ಕೈಪಿಡಿ ಬೇಡವಾಗುವುದು. ನಮ್ಮಲ್ಲಿ 1986ರ ಶಿಕ್ಷಣ ನೀತಿಯ ಬೆನ್ನಿಗೆ, ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಕಲಿಕೆಯ ಸಾಮಗ್ರಿ ಇರಲೆಂದು ಹಮ್ಮಿಕೊಂಡ ಯೋಜನೆಗೆ 'ಕಪ್ಪು ಹಲಗೆ ಕಾರ್ಯಾಚರಣೆ' ಎಂದು ಹೆಸರಾಯಿತು. ಕಾರ್ಯಾಚರಣೆ ಎಂದರೆ ನಮಗೆ ನೆನಪಾಗುವುದು ಸೈನ್ಯ ಮತ್ತು ಪೊಲೀಸರು. ಒಳ್ಳೆಯ ಉದ್ದೇಶದ ಯೋಜನೆಗೂ ಇಂಥ ಅಪರಿಚಿತ ಹೆಸರನ್ನೇ ಹೊದಿಸುವ ಚಾಳಿ ನಮ್ಮದು.

ಹಾಗೆಂದು ಎಲ್ಲವೂ ಕೆಟ್ಟದ್ದೇ ಎನ್ನಲಾರೆ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ಆರು ರಾಜ್ಯಗಳ ಹಳ್ಳಿಗಳಿಗೆ ಟೆಲಿವಿಷನ್ ತಲುಪಿಸಿದ 'ಸೈಟ್' ಪ್ರಯೋಗದಲ್ಲಿ ನಮ್ಮ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಆಗ ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನೂ ನಡೆಸಿದರು. ಟಿ.ವಿ.ಯೊಂದನ್ನೇ ನಂಬಲಿಲ್ಲ, ಅದರ ಜೊತೆಗೆ ರೇಡಿಯೊ, ಕೈಯಾರೆ ಮಾಡುವ ಚಟುವಟಿಕೆ, ಎದುರಿಗೆ ಕೂತು ಚರ್ಚಿಸುವ ಮಾರ್ಗದರ್ಶಕ ಶಿಕ್ಷಕ ಎಲ್ಲವನ್ನೂ ಸೇರಿಸಿದ್ದರು. ಯಂತ್ರ ಹೇಳಿದ್ದನ್ನು ಮನುಷ್ಯ ಇನ್ನೊಮ್ಮೆ ಹೇಳಬೇಕಾಗುತ್ತದೆಂಬ ವಿವೇಕ ಅದರಲ್ಲಿತ್ತು.

ಇದಕ್ಕಿಂತ ನನಗೆ ಹತ್ತಿರದ ಮಾದರಿ ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು ಇದನ್ನು ಕಟ್ಟಿದರು. ಅದು ವಿದ್ಯುತ್ತಿನ ಯಂತ್ರವಲ್ಲ, ಕಾರ್ಡುಗಳ ಯಂತ್ರ. ಆದರೆ ಒಳಗಿನ ರಚನೆ ಜಟಿಲವಾದದ್ದೇ: ಒಂದೇ ಕೋಣೆಯಲ್ಲಿ ಬೇರೆ ಬೇರೆ ಹಂತದ ಮಕ್ಕಳು, ಪ್ರತಿ ಮಗುವಿಗೂ ಅದರದೇ ವೇಗ, ಯಾರಿಗೆ ಶಿಕ್ಷಕರ ನೆರವು ಬೇಕು, ಯಾರು ಜೊತೆಯ ಮಕ್ಕಳಿಂದ ಕಲಿಯಬಲ್ಲರು ಎಂಬ ವಿಂಗಡಣೆ. ಇದಕ್ಕೆ ಅವರು ಬಳಸಿದ ಪದಗಳನ್ನು ನೋಡಿ. ಕಲಿಕೆಯ ಕ್ರಮಕ್ಕೆ ಏಣಿ. ಅದರಲ್ಲಿ ಮೆಟ್ಟಿಲು, ಮೈಲಿಗಲ್ಲು. ಗುಂಪು ಕೂರುವ ಜಾಗಕ್ಕೆ ತಟ್ಟೆ. ಒಂದನೆಯ ತಟ್ಟೆಯವರಿಗೆ ಶಿಕ್ಷಕರ ಪೂರ್ಣ ನೆರವು, ಕೊನೆಯ ತಟ್ಟೆಯವರು ತಾವಾಗಿಯೇ ಕಲಿಯುತ್ತಾರೆ. ಆರು ವರ್ಷದ ಮಗುವೂ "ನಾನು ಎರಡನೇ ತಟ್ಟೆ" ಎನ್ನಬಲ್ಲದು. 2009-10ರಲ್ಲಿ ಇದನ್ನು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಹರಡಿದ ಮೇಲೆ ಅದರ ಬಗ್ಗೆ ಆಕ್ಷೇಪಗಳು ಬಂದವು, ದಾಖಲೆಯ ಹೊರೆಯ ದೂರೂ ಬಂತು. ಅವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ತಟ್ಟೆ ಎಂದರೇನೆಂದು ತಿಳಿಯದೆ ಕಷ್ಟಪಟ್ಟ ಶಿಕ್ಷಕರನ್ನು ನಾನು ಕಂಡಿಲ್ಲ. ಬಳಸುವವರೇ ಕಟ್ಟಿದ್ದರಿಂದ ಪದಗಳು ಮನೆಯಿಂದ ಬಂದವು.

2017ರಲ್ಲಿ ದೀಕ್ಷಾ ವೇದಿಕೆ ಆರಂಭವಾಯಿತು. ಮುಂದೆ ಪಠ್ಯಪುಸ್ತಕಗಳಲ್ಲಿ ಕಪ್ಪು ಚುಕ್ಕಿಗಳ ಚೌಕಗಳು ಕಾಣಿಸಿಕೊಂಡವು. ಒಂದು ತರಬೇತಿಯಲ್ಲಿ ಅದನ್ನು 'ತ್ವರಿತ ಪ್ರತಿಕ್ರಿಯಾ ಸಂಕೇತ' ಎಂದು ಕರೆದಿದ್ದರು. ಮಕ್ಕಳು 'ಚೌಕ' ಎಂದರು, ಕೆಲಸ ಸಾಗಿತು. 2020ರಲ್ಲಿ ಶಾಲೆ ಮುಚ್ಚಿ, ಚಂದನ ವಾಹಿನಿಯಲ್ಲೂ ಫೋನಿನಲ್ಲೂ ಪಾಠ ನಡೆದಾಗ ಕೈಪಿಡಿ ಬರೆಯಲು ಯಾರಿಗೂ ಪುರುಸೊತ್ತಿರಲಿಲ್ಲ. ಆಗ ಶಿಕ್ಷಕರಿಗೆ ಕಲಿಸಿದವರು ಶಿಕ್ಷಕರೇ. ವಾಟ್ಸಾಪಿನಲ್ಲಿ ಒಬ್ಬರು ಧ್ವನಿ ಕಳಿಸುತ್ತಿದ್ದರು: "ಅಕ್ಕಾರ, ಕೆಳಗ ಹಸಿರು ಗುಂಡಿ ಕಾಣ್ತೈತಲ್ರಿ, ಅದನ್ನ ಒತ್ರಿ. ಹುಡುಗರ ಮಾರಿ ಕಾಣ್ಲಿಲ್ಲಾ ಅಂದ್ರ ಹೆದರಬ್ಯಾಡ್ರಿ, ಹೊರಗ ಬಂದು ಮತ್ತ ಒಳಗ ಹೋಗ್ರಿ." ಇಂಥ ಮೂರು ವಾಕ್ಯಗಳಲ್ಲಿ ನನ್ನ 64 ಪುಟಗಳಲ್ಲಿಲ್ಲದ್ದು ಇತ್ತು. ಏನು ಒತ್ತಬೇಕು, ಏನಾಗಬಹುದು, ಆದರೆ ಏನು ಮಾಡಬೇಕು.

ಆ ಬೀಗದ ಕೋಣೆಯ ಕಥೆ ಅರ್ಧಕ್ಕೆ ನಿಂತಿದೆ. ಅಂದು ಹೆಡ್ ಮಾಸ್ತರರಿಗೆ ಬಾಯಿಮಾತು ಸಾಲಲಿಲ್ಲ. ಬರೆದು ಕೊಡಿ ಎಂದರು. ಒಂದು ಹಾಳೆಯ ಮೇಲೆ ಬರೆದೆ: "ಈ ಯಂತ್ರ ಮಕ್ಕಳಿಗಾಗಿ ಬಂದದ್ದು. ಮಕ್ಕಳು ಮುಟ್ಟಲಿ. ಹಿಂದಿನ ಪೆಟ್ಟಿಗೆ ಮಾತ್ರ ಬಿಚ್ಚಬೇಡಿ. ಕರೆಂಟ್ ಹೋದರೆ ಸ್ವಿಚ್ ಬಂದ್ ಮಾಡಿ, ಬಂದು ಐದು ನಿಮಿಷವಾದ ಮೇಲೆ ಹಚ್ಚಿ." ಕೆಳಗೆ, ಆ ಕೈಪಿಡಿಯನ್ನು ಕನ್ನಡಕ್ಕೆ ತಂದವನು ಎಂದು ಸಹಿ ಮಾಡಿದೆ. ನಾನು ಅದನ್ನು ಒಪ್ಪಿಕೊಂಡದ್ದು ಅದೊಂದೇ ಸಲ. ಆ ಹಾಳೆಗೆ ಯಾವ ಅಧಿಕಾರವೂ ಇರಲಿಲ್ಲ. ಆದರೂ ಅವರು ಅದನ್ನು ಗೋಡೆಗೆ ಅಂಟಿಸಿ, ಕೀಲಿಕೈಯನ್ನು ಅಕ್ಕೋರ ಕೈಗೆ ಕೊಟ್ಟರು.

ಈಗಿನ ಸ್ಮಾರ್ಟ್ ಬೋರ್ಡಿನ ಕೈಪಿಡಿಯನ್ನು ಪೂರ್ತಿ ತಿದ್ದುವ ಅಧಿಕಾರ ನನಗೂ ಆ ತರುಣ ಶಿಕ್ಷಕರಿಗೂ ಇಲ್ಲ. ಇಬ್ಬರೂ ಕೂತು ಒಂದು ಪುಟ ಬರೆದೆವು. ನಾಳೆಯ ಪೀರಿಯಡ್ಡಿನಲ್ಲಿ ಯಾವ ಪಾಠಕ್ಕೆ ಬಳಸಬಹುದು, ಹೇಗೆ ಹಚ್ಚುವುದು, ಕಿಟಕಿಯ ಬಿಸಿಲು ಬಿದ್ದರೆ ಯಾವ ಕಡೆ ಪರದೆ ಬೇಕು, ಸ್ಕೆಚ್ ಪೆನ್ನಿನಿಂದ ಏಕೆ ಬರೆಯಬಾರದು, ತಪ್ಪು ಗುಂಡಿ ಒತ್ತಿದರೆ ಹಿಂದಕ್ಕೆ ಬರುವುದು ಹೇಗೆ, ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು. ಬರೆದು ಮುಗಿಸಿ ನಮ್ಮಷ್ಟಕ್ಕೆ ನಾವೇ ಮೆಚ್ಚಿಕೊಂಡೆವು. ಮರುದಿನ ಅವರು ಅದನ್ನು ತಮ್ಮ ಶಾಲೆಯ ಹಿರಿಯ ಅಕ್ಕೋರೊಬ್ಬರಿಗೆ ಓದಿ ಹೇಳಿದರಂತೆ. ಅವರು ಪೂರ್ತಿ ಕೇಳಿ, "ಎಲ್ಲಾ ತಿಳೀತ್ರಿ. ಬರಿಯೂ ಮುಂದ ಸೀರಿ ಸೆರಗು ತಗುಲಿದರ ಬರದದ್ದು ಅಳಿಸಿ ಹೋಗ್ತೈತೇನು?" ಎಂದು ಕೇಳಿದರಂತೆ.

ಇಬ್ಬರು ಗಂಡಸರು ಕೂತು ಬರೆದ ಪುಟದಲ್ಲಿ ಆ ಪ್ರಶ್ನೆ ಇರಲಿಲ್ಲ. ಬೋರ್ಡಿನ ಮುಂದೆ ಒಂದು ಟವೆಲು ಹಿಡಿದು ಪರೀಕ್ಷಿಸಿ, ಉತ್ತರವನ್ನು ಬರೆದು ಸೇರಿಸಿದೆವು.